ನಕ್ಷೆಯಿಂದ ಕೋಡಿಗೆ, ಕೋಡಿನಿಂದ ನಕ್ಷೆಗೆ: ಗೆರೆಗಳ ಅರ್ಥ ಕಳೆಯದಂತೆ ಕೆಲಸ ಮಾಡುವ ಕ್ರಮ

ಸಾಫ್ಟ್‌ವೇರಿನ ವಿನ್ಯಾಸವನ್ನು ಪೆಟ್ಟಿಗೆ ಮತ್ತು ಗೆರೆಗಳ ನಕ್ಷೆಯಾಗಿ ಬಿಡಿಸಿಕೊಂಡು ಅದರಿಂದ ಸೋರ್ಸ್ ಕೋಡ್ ಬರೆಯುವುದು ಒಂದು ಕೆಲಸ. ಈಗಾಗಲೇ ಓಡುತ್ತಿರುವ ಕೋಡನ್ನು ಓದಿ ಅದರ ನಕ್ಷೆ ತೆಗೆಯುವುದು ಇನ್ನೊಂದು ಕೆಲಸ. ಹೋದ ದಾರಿಯಲ್ಲೇ ಹಿಂತಿರುಗಿದಂತೆ ಇವೆರಡೂ ಒಂದಕ್ಕೊಂದು ಸರಿಹೊಂದುತ್ತವೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ನಂಬಿರುತ್ತಾರೆ. ವಾಸ್ತವದಲ್ಲಿ ಹೋಗುವಾಗ ಕೈಯಲ್ಲಿದ್ದ ಕೆಲವು ಸಂಗತಿಗಳು ಬರುವಾಗ ಇರುವುದಿಲ್ಲ. ಯಾವುದು ಕಳೆದುಹೋಗುತ್ತದೆ, ಅದನ್ನು ಎಲ್ಲಿ ಬರೆದಿಟ್ಟರೆ ಉಳಿಯುತ್ತದೆ ಎಂಬುದು ತಿಳಿದರೆ ಈ ಕೆಲಸದ ಬಹುಪಾಲು ಕಷ್ಟ ಇಳಿಯುತ್ತದೆ. ಬೆಂಗಳೂರಿನಲ್ಲಿ ಹಲವು ವರ್ಷ ಈ ಕೆಲಸ ಮಾಡುತ್ತಾ ಕಿರಿಯ ಸಹೋದ್ಯೋಗಿಗಳಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಊರಿನವರೆಲ್ಲ ಕಂಡಿರುವ ಒಂದು ವ್ಯವಸ್ಥೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ: ನಿಂತು ತಿನ್ನುವ ದರ್ಶಿನಿಯ ಬಿಲ್ಲಿಂಗ್. ಗಿರಾಕಿ ಕೌಂಟರಿನಲ್ಲಿ ಒಂದು ಇಡ್ಲಿ ವಡೆ, ಒಂದು ಬೈಟೂ ಕಾಫಿ ಎಂದು ಹೇಳಿ ಹಣ ಕೊಡುತ್ತಾರೆ. ಕೌಂಟರಿನವರು ಬಿಲ್ ಮುದ್ರಿಸಿ ಕೊಡುತ್ತಾರೆ. ಆ ಚೀಟಿಯನ್ನು ತಿಂಡಿಯ ಕಡೆ ಒಮ್ಮೆ, ಕಾಫಿಯ ಕಡೆ ಒಮ್ಮೆ ತೋರಿಸಿದರೆ ತಟ್ಟೆಯೂ ಲೋಟವೂ ಕೈಗೆ ಬರುತ್ತವೆ. ಇದಕ್ಕೆ ನಾಲ್ಕು ಕ್ಲಾಸ್‌ಗಳು (ಒಂದೊಂದು ಬಗೆಯ ವಸ್ತುವಿಗೆ, ಅಂದರೆ ಆಬ್ಜೆಕ್ಟಿಗೆ, ಕೋಡಿನಲ್ಲಿ ಬರೆಯುವ ಅಚ್ಚುಗಳು) ಸಾಕು: ಬಿಲ್, ಬಿಲ್ಲಿನ ಸಾಲು, ತಿನಿಸು, ಅಡುಗೆಮನೆ.

ನಕ್ಷೆಯ ಭಾಷೆ ಯುಎಂಎಲ್, ಅಂದರೆ ಯೂನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್. ಗ್ರೇಡಿ ಬೂಚ್, ಜೇಮ್ಸ್ ರಂಬಾ ಮತ್ತು ಇವಾರ್ ಜೇಕಬ್ಸನ್ ತಮ್ಮ ತಮ್ಮ ಪದ್ಧತಿಗಳನ್ನು ಒಂದುಗೂಡಿಸಿ ಇದನ್ನು ಕಟ್ಟಿದರು. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ 1997ರಲ್ಲಿ ಇದನ್ನು ಮಾನಕವಾಗಿ ಅಂಗೀಕರಿಸಿತು. 2.5.1 ಆವೃತ್ತಿ 2017ರದು. ಈ ಮಾನಕದಲ್ಲಿ ಹದಿನಾಲ್ಕು ಬಗೆಯ ನಕ್ಷೆಗಳಿವೆ, ಆದರೆ ಕೋಡಿನೊಂದಿಗೆ ನೇರ ಸಂಬಂಧವಿಟ್ಟುಕೊಂಡು ದಿನನಿತ್ಯ ಬಳಕೆಯಾಗುವುದು ಮೂರೇ: ಕ್ಲಾಸ್ ಡಯಾಗ್ರಾಮ್, ಸೀಕ್ವೆನ್ಸ್ ಡಯಾಗ್ರಾಮ್ ಮತ್ತು ಸ್ಟೇಟ್ ಡಯಾಗ್ರಾಮ್. ಮಿಕ್ಕವನ್ನು ಬಿಟ್ಟು ಈ ಮೂರನ್ನು ಚೆನ್ನಾಗಿ ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ಪೆಟ್ಟಿಗೆಗಳು ಸುಲಭ

ಕ್ಲಾಸ್ ಡಯಾಗ್ರಾಮಿನ ಪೆಟ್ಟಿಗೆಯನ್ನು ಕೋಡಾಗಿಸುವುದು ಬಹುಮಟ್ಟಿಗೆ ಯಾಂತ್ರಿಕ ಕೆಲಸ. ಪೆಟ್ಟಿಗೆಯ ಮೇಲಿನ ಹೆಸರು ಕ್ಲಾಸ್ ಆಗುತ್ತದೆ, ನಡುವಿನ ಭಾಗದ ಸಾಲುಗಳು ಫೀಲ್ಡ್‌ಗಳಾಗುತ್ತವೆ (ಕ್ಲಾಸ್ ಇಟ್ಟುಕೊಳ್ಳುವ ಮಾಹಿತಿ), ಕೆಳಗಿನ ಭಾಗದವು ಮೆಥಡ್‌ಗಳಾಗುತ್ತವೆ (ಅದು ಮಾಡುವ ಕೆಲಸಗಳು). ಹೆಸರಿನ ಹಿಂದಿನ + ಚಿಹ್ನೆ ಪಬ್ಲಿಕ್ (ಎಲ್ಲರಿಗೂ ತೆರೆದದ್ದು), - ಚಿಹ್ನೆ ಪ್ರೈವೇಟ್ (ಆ ಕ್ಲಾಸಿಗೆ ಮಾತ್ರ), # ಚಿಹ್ನೆ ಪ್ರೊಟೆಕ್ಟೆಡ್ (ಆ ಕ್ಲಾಸಿಗೂ ಅದರ ಮಕ್ಕಳ ಕ್ಲಾಸ್‌ಗಳಿಗೂ). ಅಡಿಗೆರೆ ಎಳೆದಿದ್ದರೆ ಅದು ಸ್ಟ್ಯಾಟಿಕ್, ಅಂದರೆ ಒಂದೊಂದು ಆಬ್ಜೆಕ್ಟಿಗಲ್ಲ, ಇಡೀ ಕ್ಲಾಸಿಗೆ ಸೇರಿದ್ದು. ಖಾಲಿ ತ್ರಿಕೋನದಲ್ಲಿ ಮುಗಿಯುವ ಗಟ್ಟಿ ಗೆರೆ ಇನ್‌ಹೆರಿಟೆನ್ಸ್ (ತಂದೆ ಕ್ಲಾಸಿನದನ್ನು ಮಗುವಿನ ಕ್ಲಾಸ್ ಪಡೆಯುವುದು), ಅದೇ ತ್ರಿಕೋನಕ್ಕೆ ತುಂಡು ತುಂಡಾದ ಗೆರೆಯಿದ್ದರೆ ಇಂಟರ್‌ಫೇಸನ್ನು (ಯಾವ ಮೆಥಡ್‌ಗಳಿರಬೇಕೆಂಬ ಕರಾರನ್ನು) ಜಾರಿಗೊಳಿಸಿದಂತೆ. ಒಂದು ಎಚ್ಚರಿಕೆ ಮಾತ್ರ ಬೇಕು: ಒಂದು ಕ್ಲಾಸಿಗೆ ಇಬ್ಬರು ತಂದೆಯರನ್ನು ಬರೆಯಲು ನಕ್ಷೆ ಬಿಡುತ್ತದೆ, ಸಿ ಪ್ಲಸ್ ಪ್ಲಸ್ ಮತ್ತು ಪೈಥಾನ್ ಕೂಡ ಬಿಡುತ್ತವೆ, ಆದರೆ ಜಾವಾ ಬಿಡುವುದಿಲ್ಲ. ಹಾಗಾಗಿ ಜಾವಾಕ್ಕೆ ಇಳಿಸುವ ಮೊದಲೇ ಒಬ್ಬರನ್ನು ಇಂಟರ್‌ಫೇಸ್ ಮಾಡಿ ನಕ್ಷೆಯನ್ನು ತಿದ್ದಿಕೊಳ್ಳಬೇಕು. ಈ ಹಂತವನ್ನು ನಕ್ಷೆಯಿಂದ ಕೋಡ್ ಬರೆಯಬಲ್ಲ ಯಾವ ಟೂಲ್‌ ಬೇಕಾದರೂ ಮಾಡಿಕೊಡುತ್ತದೆ. ಇದರ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ.

ಗೆರೆಗಳ ಮೇಲೆ ನಿಲ್ಲಿ

ಗಮನವೆಲ್ಲ ಬೇಕಾಗಿರುವುದು ಪೆಟ್ಟಿಗೆಗಳ ನಡುವಿನ ಗೆರೆಗಳಿಗೆ. ಬಿಲ್ಲಿನಿಂದ ಬಿಲ್ಲಿನ ಸಾಲಿಗೆ ಹೋಗುವ ಗೆರೆಯ ಬಿಲ್ಲಿನ ಕಡೆಯ ತುದಿಯಲ್ಲಿ ತುಂಬಿದ ವಜ್ರಾಕೃತಿ ಇರುತ್ತದೆ, ಅಂದರೆ ಅದು ಕಾಂಪೊಸಿಷನ್: ಸಾಲು ಬಿಲ್ಲಿಗೆ ಸೇರಿದ್ದು, ಬಿಲ್ ಹೋದರೆ ಸಾಲೂ ಹೋಗುತ್ತದೆ, ಒಂದು ಸಾಲು ಎರಡು ಬಿಲ್ಲಿನಲ್ಲಿ ಇರುವಂತಿಲ್ಲ. ಸಾಲಿನಿಂದ ತಿನಿಸಿಗೆ ಹೋಗುವುದು ಬರಿಯ ಅಸೋಸಿಯೇಷನ್: ಬಿಲ್ ಹರಿದು ಬಿಸಾಡಿದರೂ ಇಡ್ಲಿ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಜಾವಾದಲ್ಲಿ ಈ ಎರಡು ಗೆರೆಗಳನ್ನೂ ಬರೆಯುವುದು ಫೀಲ್ಡ್‌ ಆಗಿಯೇ. ಒಂದರಲ್ಲಿ ಸಾಲುಗಳ ಲಿಸ್ಟ್ ಇರುತ್ತದೆ, ಇನ್ನೊಂದರಲ್ಲಿ ತಿನಿಸಿನ ರೆಫರೆನ್ಸ್ ಇರುತ್ತದೆ. ಯಾರಿಗೆ ಯಾರು ಸೇರಿದವರು ಎಂಬ ಮಾತು ಎರಡರಲ್ಲೂ ಇಲ್ಲ.

ಆದ್ದರಿಂದ ತುಂಬಿದ ವಜ್ರವನ್ನು ಕೋಡಿಗೆ ಇಳಿಸುವಾಗ ಫೀಲ್ಡ್ ಬರೆದು ಮುಗಿಸಬಾರದು. ಸಾಲನ್ನು ಹೊರಗೆ ಯಾರೋ ಸೃಷ್ಟಿಸಿ ಬಿಲ್ಲಿಗೆ ಕೊಡುವಂತಿರಬಾರದು. ತಿನಿಸು ಮತ್ತು ಸಂಖ್ಯೆಯನ್ನು ಬಿಲ್ಲಿಗೆ ಕೊಟ್ಟರೆ ಬಿಲ್ಲೇ ತನ್ನೊಳಗೆ ಸಾಲನ್ನು ಸೃಷ್ಟಿಸಬೇಕು. ಸಾಲುಗಳ ಲಿಸ್ಟನ್ನು ಹೊರಗಿನವರು ಕೇಳಿದರೆ ಓದಲು ಮಾತ್ರ ಬರುವ ಪ್ರತಿಯನ್ನು ಕೊಡಬೇಕು. ಡೇಟಾಬೇಸಿನಲ್ಲಿ ಬಿಲ್ ಅಳಿಸಿದರೆ ಅದರ ಸಾಲುಗಳೂ ಅಳಿಯುವಂತೆ ಫಾರಿನ್ ಕೀಗೆ (ಒಂದು ಕೋಷ್ಟಕದಿಂದ ಇನ್ನೊಂದನ್ನು ತೋರಿಸುವ ಕೊಂಡಿಗೆ) ಕ್ಯಾಸ್ಕೇಡ್ ನಿಯಮ ಹಾಕಬೇಕು. ತಿನಿಸಿನ ಕಡೆಯ ಫಾರಿನ್ ಕೀಗೆ ಆ ನಿಯಮವನ್ನು ಎಂದೂ ಹಾಕಬಾರದು, ಹಾಕಿದರೆ ಪಟ್ಟಿಯಿಂದ ಒಂದು ತಿನಿಸನ್ನು ತೆಗೆದ ದಿನ ಅದನ್ನು ಮಾರಿದ ಹಳೆಯ ಸಾಲುಗಳೆಲ್ಲ ಮಾಯವಾಗುತ್ತವೆ. ಸಿ ಪ್ಲಸ್ ಪ್ಲಸ್ ಬರೆಯುವವರಿಗೆ ಇಲ್ಲಿ ಒಂದು ಅನುಕೂಲವಿದೆ: ಸಾಲನ್ನು ನೇರವಾಗಿ ಮೌಲ್ಯವಾಗಿ ಅಥವಾ ಒಬ್ಬರೇ ಒಡೆಯರಿರುವ ಯೂನಿಕ್ ಪಾಯಿಂಟರ್ ಆಗಿ ಇಟ್ಟುಕೊಂಡರೆ ಒಡೆತನದ ಮಾತು ಕೋಡಿನಲ್ಲೇ ಕಾಣುತ್ತದೆ.

ಖಾಲಿ ವಜ್ರದ ಅಗ್ರಿಗೇಷನ್ ಗೆರೆಯನ್ನು ನಾನು ಬಳಸುವುದಿಲ್ಲ. ಅದಕ್ಕೂ ಸಾಮಾನ್ಯ ಅಸೋಸಿಯೇಷನ್ನಿಗೂ ಕೋಡಿನಲ್ಲಿ ಏನು ವ್ಯತ್ಯಾಸ ಎಂದು ತಂಡದಲ್ಲಿ ಮೂವರನ್ನು ಕೇಳಿದರೆ ಮೂರು ಉತ್ತರ ಬರುತ್ತವೆ. ಓದುವವರಲ್ಲಿ ಒಮ್ಮತವಿಲ್ಲದ ಚಿಹ್ನೆಯಿಂದ ನಕ್ಷೆಗೆ ಪ್ರಯೋಜನವಿಲ್ಲ.

ಗೆರೆಯ ತುದಿಯ ಅಂಕಿಗಳನ್ನೂ ಹಾಗೆಯೇ ಎಚ್ಚರದಿಂದ ನೋಡಬೇಕು. ಬಿಲ್ಲಿಗೆ ಸಾಲುಗಳು 1..* ಎಂದು ಬರೆದಿದ್ದರೆ ಕನಿಷ್ಠ ಒಂದು ಸಾಲಾದರೂ ಇರಲೇಬೇಕೆಂದು ಅರ್ಥ, ಆದರೆ ಲಿಸ್ಟ್ ಎಂಬುದು ಖಾಲಿಯಾಗಿಯೂ ಇರಬಲ್ಲದು. ಆ ಒಂದು ಎಂಬುದನ್ನು ಕಾಯಲು ಯಾರಾದರೂ ಬೇಕು. ಹಣ ಪಡೆಯುವ ಮೆಥಡ್‌ನ ಮೊದಲ ಸಾಲಿನಲ್ಲೇ ಲಿಸ್ಟ್ ಖಾಲಿಯಾಗಿದ್ದರೆ ಎಕ್ಸೆಪ್ಷನ್ ಎಸೆದು (ತಪ್ಪೆಂದು ಸಾರಿ) ಕೆಲಸ ನಿಲ್ಲಿಸುವ ಪರೀಕ್ಷೆ ಇರಬೇಕು. 0..1 ಎಂದಿದ್ದರೆ ನಲ್ (ಏನೂ ಇಲ್ಲದ್ದು) ಬರಬಹುದೆಂದು ಅರ್ಥ, ಅದನ್ನು ಆಪ್ಷನಲ್ ಎಂಬ ಟೈಪಿನಿಂದ ಹೇಳುವುದು ಒಳ್ಳೆಯದು.

ಅಂಕಿಗಳನ್ನು ಹೀಗೆ ಕೇಳುತ್ತಾ ಹೋದಾಗಲೇ ಬೈಟೂ ಕಾಫಿಯ ಪ್ರಶ್ನೆ ಎದುರಾಗುತ್ತದೆ. ಬೈಟೂ ಎಂದರೆ ಒಂದು ಕಾಫಿಯ ಬಿಲ್, ಎರಡು ಲೋಟ. ನನ್ನ ಜೊತೆ ಕೆಲಸ ಕಲಿಯುತ್ತಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಸಾಲಿನ ಸಂಖ್ಯೆಯನ್ನು 2 ಎಂದು ಬರೆದು ದರವನ್ನು ಅರ್ಧ ಮಾಡಿದ್ದ, ಇನ್ನೊಬ್ಬ ಬೈಟೂ ಕಾಫಿಯನ್ನೇ ಬೇರೆ ತಿನಿಸಾಗಿ ಸೇರಿಸಿದ್ದ. ಮೊದಲನೆಯದರಲ್ಲಿ ದಿನದ ಕೊನೆಗೆ ಎಷ್ಟು ಕಾಫಿ ಮಾರಾಟವಾಯಿತು ಎಂಬ ಲೆಕ್ಕ ತಪ್ಪುತ್ತದೆ. ಎರಡನೆಯದರಲ್ಲಿ ಕಾಫಿಯ ದರ ಬದಲಾದಾಗ ಎರಡು ಕಡೆ ಬದಲಿಸಬೇಕಾಗುತ್ತದೆ. ಮಾರುವ ಸಂಖ್ಯೆ ಬೇರೆ, ಅಡುಗೆಮನೆಗೆ ಹೇಳಬೇಕಾದ ಲೋಟಗಳ ಸಂಖ್ಯೆ ಬೇರೆ ಎಂದು ಸಾಲಿನ ಪೆಟ್ಟಿಗೆಯಲ್ಲಿ ಎರಡು ಫೀಲ್ಡ್ ಬರೆದ ಮೇಲೆ ಗೊಂದಲ ಬಗೆಹರಿಯಿತು. ಪೆನ್ಸಿಲಿನಲ್ಲಿ ಇದನ್ನು ತಿದ್ದಲು ಒಂದು ನಿಮಿಷ ಸಾಕಾಯಿತು. ಕೋಡ್ ಬರೆದು, ಡೇಟಾಬೇಸ್ ತುಂಬಿದ ಮೇಲೆ ಇದೇ ತಿದ್ದುಪಡಿಗೆ ಒಂದು ವಾರ ಹಿಡಿಯುತ್ತಿತ್ತು.

ಕರೆಗಳ ನಕ್ಷೆ ಮತ್ತು ಸ್ಥಿತಿಗಳ ನಕ್ಷೆ

ಸೀಕ್ವೆನ್ಸ್ ಡಯಾಗ್ರಾಮಿನಲ್ಲಿ ಆಬ್ಜೆಕ್ಟ್‌ಗಳು ಮೇಲೆ ಸಾಲಾಗಿ ನಿಂತಿರುತ್ತವೆ, ಕಾಲ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಅಡ್ಡ ಬಾಣಗಳು ಮೆಥಡ್ ಕರೆಗಳು. ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದೇ: ಬಾಣ ಹೊರಡುವ ಆಬ್ಜೆಕ್ಟಿನ ಕ್ಲಾಸಿನಲ್ಲಿ ಮೆಥಡ್ ಬರೆಯುವುದು. ಬಾಣದ ಮೊನೆ ಯಾರನ್ನು ಮುಟ್ಟುತ್ತದೆಯೋ ಮೆಥಡ್ ಅವರದು. ಬಿಲ್ಲಿನಿಂದ ಅಡುಗೆಮನೆಗೆ “ತಯಾರಿಸು” ಎಂಬ ಬಾಣ ಹೋದರೆ ಆ ಮೆಥಡ್ ಅಡುಗೆಮನೆಯ ಕ್ಲಾಸಿನಲ್ಲಿರಬೇಕು, ಬಿಲ್ಲಿನೊಳಗೆ ಅದರ ಕರೆ ಮಾತ್ರ ಇರಬೇಕು. ಆಲ್ಟ್ ಎಂಬ ಚೌಕಟ್ಟು ಇಫ್ ಎಲ್ಸ್ ಆಗುತ್ತದೆ, ಲೂಪ್ ಚೌಕಟ್ಟು ಲೂಪ್ ಆಗುತ್ತದೆ. ತುಂಬಿದ ಬಾಣದ ಮೊನೆಯಿದ್ದರೆ ಕರೆದವರು ಉತ್ತರಕ್ಕಾಗಿ ಕಾಯುತ್ತಾರೆ, ತೆರೆದ ಮೊನೆಯಿದ್ದರೆ ಕಾಯುವುದಿಲ್ಲ; ಎರಡನೆಯದಕ್ಕೆ ಕ್ಯೂ (ಕೆಲಸಗಳ ಸರದಿ) ಅಥವಾ ಥ್ರೆಡ್ (ಜೊತೆಯಲ್ಲೇ ಓಡುವ ಇನ್ನೊಂದು ಎಳೆ) ಬೇಕಾದೀತು. ಇಡ್ಲಿ ತಟ್ಟೆಗೆ ಬರುವವರೆಗೂ ಕೌಂಟರ್ ಮುಂದಿನ ಗಿರಾಕಿಯ ಬಿಲ್ ಮಾಡದೆ ನಿಂತರೆ ಗಿರಾಕಿಗಳ ಸಾಲು ಬೀದಿಗೆ ಬರುತ್ತದೆ. ಆ ಒಂದು ಬಾಣದ ಮೊನೆಯನ್ನು ತಪ್ಪಾಗಿ ಓದಿದ ಕೋಡಿನಲ್ಲೂ ಅದೇ ಆಗುತ್ತದೆ.

ಸ್ಟೇಟ್ ಡಯಾಗ್ರಾಮಿನ ಮೂಲ ಡೇವಿಡ್ ಹರೆಲ್ 1987ರಲ್ಲಿ ಪ್ರಕಟಿಸಿದ ಸ್ಟೇಟ್‌ಚಾರ್ಟ್ ಪದ್ಧತಿಯಲ್ಲಿದೆ. ನಮ್ಮ ಬಿಲ್ಲಿಗೆ ನಾಲ್ಕು ಸ್ಥಿತಿಗಳು: ತೆರೆದಿದೆ, ಹಣ ಸಂದಿದೆ, ತಿನಿಸು ಕೊಟ್ಟಾಗಿದೆ, ರದ್ದಾಗಿದೆ. ಘಟನೆಗಳು ಮೂರು: ಹಣ ಪಡೆಯುವುದು, ತಿನಿಸು ಕೊಡುವುದು, ರದ್ದು ಮಾಡುವುದು. ನಕ್ಷೆಯಲ್ಲಿ ಬಾಣಗಳೂ ನಾಲ್ಕೇ: ತೆರೆದ ಬಿಲ್ಲಿಗೆ ಹಣ ಸಲ್ಲುವುದು, ಹಣ ಸಂದ ಬಿಲ್ಲಿಗೆ ತಿನಿಸು ಕೊಡುವುದು, ಈ ಎರಡು ಸ್ಥಿತಿಗಳಿಂದಲೂ ರದ್ದಾಗುವುದು. ಇದನ್ನು ಕೋಡಿಗೆ ಇಳಿಸುವ ಮೊದಲು ಸ್ಥಿತಿಗಳನ್ನು ಅಡ್ಡಸಾಲಿಗೂ ಘಟನೆಗಳನ್ನು ಕಂಬಸಾಲಿಗೂ ಬರೆದು ಒಂದು ಕೋಷ್ಟಕ ಹಾಕಿ. ಹನ್ನೆರಡು ಮನೆಗಳಲ್ಲಿ ನಾಲ್ಕು ತುಂಬುತ್ತವೆ, ಎಂಟು ಖಾಲಿ ಉಳಿಯುತ್ತವೆ. ಕೆಲಸವಿರುವುದು ಆ ಎಂಟರಲ್ಲಿ. ಬಾಣವಿಲ್ಲದ ಕಡೆ ಘಟನೆ ಬಂದರೆ ಯುಎಂಎಲ್ ನಿಯಮದ ಪ್ರಕಾರ ಅದು ಸದ್ದಿಲ್ಲದೆ ಕೈಬಿಟ್ಟುಹೋಗುತ್ತದೆ. ಆದರೆ ತಿನಿಸು ಕೊಟ್ಟಾದ ಬಿಲ್ಲನ್ನು ಯಾರಾದರೂ ರದ್ದು ಮಾಡಲು ಹೊರಟರೆ ಸದ್ದಿಲ್ಲದೆ ಬಿಡುವುದು ಸರಿಯೇ, ಅಥವಾ ತಪ್ಪೆಂದು ತೋರಿಸಬೇಕೆ? ಅದೇ ಚೀಟಿಯನ್ನು ಎರಡನೆಯ ಬಾರಿ ತಂದು ತಿನಿಸು ಕೇಳಿದರೆ ಏನು ಮಾಡಬೇಕು? ಇವಕ್ಕೆ ಉತ್ತರ ಹೇಳಬೇಕಾದವರು ಅಂಗಡಿಯ ಯಜಮಾನರು, ಪ್ರೋಗ್ರಾಮರ್ ಅಲ್ಲ. ಎಂಟೂ ಮನೆಗಳಿಗೆ ಉತ್ತರ ಬರೆಸಿಕೊಂಡ ಮೇಲೆ ಸ್ಥಿತಿಗಳನ್ನು ಈನಮ್ (ಹೆಸರುಗಳ ನಿಗದಿತ ಪಟ್ಟಿ) ಆಗಿ, ಕೋಷ್ಟಕವನ್ನು ಒಂದೇ ಮೆಥಡ್‌ನೊಳಗಿನ ಸ್ವಿಚ್ (ಪ್ರತಿ ಸ್ಥಿತಿಗೊಂದು ಕವಲು) ಆಗಿ ಬರೆದರೆ ಸಾಕು. ಸ್ಥಿತಿಗೊಂದು ಕ್ಲಾಸ್ ಬರೆಯುವ ಸ್ಟೇಟ್ ಪ್ಯಾಟರ್ನ್ ಇಷ್ಟು ಚಿಕ್ಕ ಕೆಲಸಕ್ಕೆ ಅತಿಯಾಯಿತು.

ಕೋಡಿನಿಂದ ನಕ್ಷೆ ತೆಗೆಯುವುದು

ಈಗ ಹಿಂದಿನ ದಿಕ್ಕು. ಬೇರೆಯವರು ಬರೆದ ಹಳೆಯ ಕೋಡನ್ನು ವಹಿಸಿಕೊಳ್ಳುವುದು ಈ ಊರಿನ ಸಾಫ್ಟ್‌ವೇರ್ ಕೆಲಸದಲ್ಲಿ ಸಾಮಾನ್ಯ, ಆದ್ದರಿಂದ ಹೊಸ ನಕ್ಷೆ ಬರೆಯುವುದಕ್ಕಿಂತ ಇದೇ ಹೆಚ್ಚು ಬೇಕಾಗುತ್ತದೆ. ಟೂಲ್‌ಗಳಿಗೆ ಕೊರತೆಯಿಲ್ಲ. ಪೈಥಾನಿಗೆ ಕೋಡ್ ಪರೀಕ್ಷಿಸುವ ಪೈಲಿಂಟ್ ಜೊತೆಗೇ ಪೈರಿವರ್ಸ್ ಬರುತ್ತದೆ. ಜಾವಾಕ್ಕೆ ಇಂಟೆಲಿಜೆ ಐಡಿಯಾದ ಅಲ್ಟಿಮೇಟ್ ಚಂದಾದಲ್ಲಿ ನಕ್ಷೆ ತೆಗೆಯುವ ಸೌಲಭ್ಯವಿದೆ. ಸಿ ಪ್ಲಸ್ ಪ್ಲಸ್‌ಗೆ ಡಾಕ್ಸಿಜನ್ ಮತ್ತು ಗ್ರಾಫ್‌ವಿಜ್ ಜೋಡಿ ಇದೆ. ಎಂಟರ್‌ಪ್ರೈಸ್ ಆರ್ಕಿಟೆಕ್ಟ್, ವಿಷುವಲ್ ಪ್ಯಾರಡೈಮ್‌ನಂಥ ಹಣ ಕೊಟ್ಟು ಕೊಳ್ಳುವ ಟೂಲ್‌ಗಳು ಎರಡೂ ದಿಕ್ಕಿನ ಕೆಲಸ ಮಾಡುತ್ತವೆ.

ಇಡೀ ಪ್ರಾಜೆಕ್ಟನ್ನು ಟೂಲಿಗೆ ಒಮ್ಮೆಲೇ ಕೊಡಬೇಡಿ. ನೂರಾರು ಪೆಟ್ಟಿಗೆಗಳ ನಕ್ಷೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಮೊದಲು ಪ್ಯಾಕೇಜ್‌ಗಳ (ಕ್ಲಾಸ್‌ಗಳ ಗುಂಪುಗಳ) ನಕ್ಷೆಯನ್ನಷ್ಟೇ ತೆಗೆಯಿರಿ, ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಒಂದು ಪ್ಯಾಕೇಜನ್ನು ಆರಿಸಿಕೊಳ್ಳಿ, ಅದರಲ್ಲಿ ಕ್ಲಾಸ್‌ಗಳ ಹೆಸರು ಮಾತ್ರ ಕಾಣುವಂತೆ ಎರಡನೆಯ ನಕ್ಷೆ ತೆಗೆಯಿರಿ. ಅತಿ ಹೆಚ್ಚು ಗೆರೆಗಳು ಬಂದು ಸೇರುವ ಎರಡು ಮೂರು ಪೆಟ್ಟಿಗೆಗಳೇ ಆ ಕೋಡಿನ ಹೃದಯ. ಅವುಗಳನ್ನೂ ಅವುಗಳ ನೆರೆಯವರನ್ನೂ ಉಳಿಸಿಕೊಂಡು ಮಿಕ್ಕವನ್ನು, ಲೈಬ್ರರಿಯ ಕ್ಲಾಸ್‌ಗಳನ್ನು, ಫೀಲ್ಡನ್ನು ಓದಲು ಬದಲಿಸಲು ಮಾತ್ರ ಇರುವ ಗೆಟರ್ ಸೆಟರ್‌ಗಳನ್ನು ತೆಗೆದುಹಾಕಿ. ಒಂದು ಎ4 ಹಾಳೆಯಲ್ಲಿ ಕಣ್ಣಿಗೆ ತ್ರಾಸವಾಗದಂತೆ ಓದಲು ಬರುವಷ್ಟೇ ಉಳಿಯಬೇಕು. ಪೈರಿವರ್ಸ್ ಬಳಸುವವರು ಇನ್ನೊಂದನ್ನು ನೆನಪಿಡಬೇಕು: ಬೇರೆ ಹೇಳದಿದ್ದರೆ ಅದು ಪಬ್ಲಿಕ್ ಅಲ್ಲದ ಫೀಲ್ಡ್‌ಗಳನ್ನೂ ಮೆಥಡ್‌ಗಳನ್ನೂ ತೋರಿಸುವುದಿಲ್ಲ. ನಕ್ಷೆಯಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಕೋಡಿನಲ್ಲಿ ಇಲ್ಲವೆಂದು ತಿಳಿಯಬಾರದು.

ಸೀಕ್ವೆನ್ಸ್ ಡಯಾಗ್ರಾಮನ್ನು ಕೋಡಿನ ಪಠ್ಯದಿಂದ ತೆಗೆದರೆ ಎಲ್ಲ ಕವಲುಗಳೂ ಒಟ್ಟಿಗೇ ಬಂದು ಗೋಜಲಾಗುತ್ತದೆ. ಅದಕ್ಕಿಂತ ಓಡುತ್ತಿರುವ ಕೋಡನ್ನು ಬೇಕಾದಲ್ಲಿ ನಿಲ್ಲಿಸಿ ನೋಡುವ ಡಿಬಗರ್ ಹಚ್ಚಿ ಒಂದೇ ಒಂದು ಬಿಲ್ ಮಾಡಿ, ಅಡುಗೆಮನೆಯ ಮೆಥಡ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು, ಅಲ್ಲಿ ಕಾಣುವ ಕಾಲ್ ಸ್ಟಾಕನ್ನು (ಯಾವ ಮೆಥಡ್ ಯಾವುದನ್ನು ಕರೆಯಿತು ಎಂಬ ಪಟ್ಟಿಯನ್ನು) ಕೆಳಗಿನಿಂದ ಮೇಲಕ್ಕೆ ಓದುತ್ತಾ ಕೈಯಲ್ಲೇ ಬಾಣಗಳನ್ನು ಬರೆಯುವುದು ಮೇಲು. ಅದು ಒಂದು ದಾರಿಯನ್ನು ಮಾತ್ರ ತೋರಿಸುತ್ತದೆ, ಆದರೆ ಆ ದಾರಿ ನಿಜವಾಗಿ ನಡೆದದ್ದು. ಈಚೆಗೆ ಭಾಷಾ ಮಾದರಿಗಳಿಗೆ ಕೋಡ್ ಕೊಟ್ಟು ನಕ್ಷೆ ಬರೆಸುವವರೂ ಇದ್ದಾರೆ. ಬರೆಸಿ, ತಪ್ಪಿಲ್ಲ, ಆದರೆ ಪ್ರತಿ ಬಾಣಕ್ಕೂ ಕೋಡಿನ ಯಾವ ಸಾಲು ಆಧಾರವೆಂದು ನೀವೇ ತೆರೆದು ನೋಡಿ. ಚೆಂದವಾಗಿ ಬಂದ ನಕ್ಷೆಯಲ್ಲಿ ಇಲ್ಲದ ಗೆರೆ ಸೇರಿಕೊಂಡಿದ್ದರೆ ಪತ್ತೆಹಚ್ಚುವುದು ಕಷ್ಟ.

ಟೂಲ್ ತೆಗೆದುಕೊಟ್ಟ ನಕ್ಷೆ ಕೋಡಿನಲ್ಲಿ ಏನಿದೆ ಎಂಬುದನ್ನು ಹೇಳುತ್ತದೆ. ಏಕಿದೆ ಎಂಬುದನ್ನು ಹೇಳಲಾರದು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಇಂಥದೇ ಬಿಲ್ಲಿಂಗ್ ಕೋಡ್ ಇತ್ತು. ಅದರಲ್ಲಿ ದರ ಎಂಬ ಫೀಲ್ಡ್ ತಿನಿಸಿನಲ್ಲೂ ಇತ್ತು, ಬಿಲ್ಲಿನ ಸಾಲಿನಲ್ಲೂ ಇತ್ತು. ಮೊದಲ ವಿನ್ಯಾಸದ ಕಾಗದದ ನಕ್ಷೆಯಲ್ಲಿ ಸಾಲಿನ ಪೆಟ್ಟಿಗೆಗೆ ಅಂಟಿಕೊಂಡು ಒಂದು ಷರಾ ಇತ್ತು: ಇದು ಮಾರಿದ ದಿನದ ದರ, ತಿನಿಸಿನ ದರ ಬದಲಾದರೂ ಇದು ಬದಲಾಗಬಾರದು. ಆ ಕಾಗದ ಎಲ್ಲೋ ಹೋಗಿತ್ತು. ಟೂಲಿನಿಂದ ಹೊಸದಾಗಿ ತೆಗೆದ ನಕ್ಷೆಯಲ್ಲಿ ಒಂದೇ ಹೆಸರು ಎರಡು ಪೆಟ್ಟಿಗೆಗಳಲ್ಲಿ ಕಂಡಿತು, ಇದು ಅನಗತ್ಯ ಪುನರಾವರ್ತನೆ ಎಂದು ನಾವು ಸಾಲಿನ ಫೀಲ್ಡನ್ನು ತೆಗೆದುಹಾಕಿದೆವು; ಆ ಬದಲಾವಣೆಗೆ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ. ಕಾಫಿಯ ದರ ಏರಿಸಿದ ಮರುದಿನ ಹಿಂದಿನ ತಿಂಗಳುಗಳ ಮಾರಾಟದ ಮೊತ್ತವೂ ಏರಿತ್ತು. ಲೆಕ್ಕ ನೋಡುವವರು ಬಂದು ಕೇಳಿದಾಗಲೇ ನಮಗೆ ತಿಳಿದದ್ದು. ಬ್ಯಾಕಪ್ಪಿನಿಂದ ಹಳೆಯ ದರಗಳನ್ನು ಒಂದೊಂದಾಗಿ ತಂದು ಕೂರಿಸಲು ನಾಲ್ಕು ದಿನ ಹಿಡಿಯಿತು.

ಆದುದರಿಂದ ಕೋಡಿನಿಂದ ತೆಗೆದ ನಕ್ಷೆಯನ್ನು ಮುಗಿದ ಕೆಲಸವೆಂದು ಎಣಿಸದೆ, ಅದನ್ನು ಹಿಡಿದು ಆ ಕೋಡನ್ನು ಬಲ್ಲವರ ಬಳಿ ಕೂರಬೇಕು. ವಿಚಿತ್ರವೆನಿಸಿದ ಪ್ರತಿ ಗೆರೆ, ಎರಡು ಬಾರಿ ಬಂದ ಪ್ರತಿ ಹೆಸರು, ಯಾರೂ ಕರೆಯದ ಪ್ರತಿ ಮೆಥಡ್ ಬಗ್ಗೆ ಏಕೆ ಎಂದು ಕೇಳಿ ಉತ್ತರವನ್ನು ಷರಾ ಆಗಿ ನಕ್ಷೆಯ ಮೇಲೇ ಬರೆಯಬೇಕು. ಬಲ್ಲವರು ಕೆಲಸ ಬಿಟ್ಟುಹೋಗಿದ್ದರೆ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನ ಹಳೆಯ ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಟಿಪ್ಪಣಿ ಓದಬೇಕು. ಸದಾ ಒಟ್ಟಿಗೇ ಬದಲಾಗುತ್ತಾ ಬಂದ ಎರಡು ಫೈಲ್‌ಗಳ ನಡುವೆ ಟೂಲ್ ಗೆರೆ ಎಳೆಯದಿದ್ದರೂ ನೀವು ಎಳೆಯಬಹುದು.

ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು

ನಕ್ಷೆ ಬದಲಾದಾಗ ಕೋಡೂ, ಕೋಡ್ ಬದಲಾದಾಗ ನಕ್ಷೆಯೂ ತಾವಾಗಿಯೇ ಬದಲಾಗಬೇಕೆಂಬ ಆಸೆ ಹಳೆಯದು. ರ‍್ಯಾಷನಲ್ ರೋಸ್ ಎಂಬ ಹಳೆಯ ಟೂಲಿನ ಕಾಲದಿಂದಲೂ ಅದಕ್ಕೆ ಪ್ರಯತ್ನ ನಡೆದಿದೆ. ಅದರ ಮುಖ್ಯ ತೊಡಕು, ಟೂಲ್ ಮತ್ತೊಮ್ಮೆ ಕೋಡ್ ಬರೆಯುವಾಗ ನೀವು ಕೈಯಲ್ಲಿ ಬರೆದದ್ದನ್ನು ಅಳಿಸಿಬಿಡುವುದು. ಎಕ್ಲಿಪ್ಸ್‌ನ ಇಎಂಎಫ್ (ಎಕ್ಲಿಪ್ಸ್ ಮಾಡೆಲಿಂಗ್ ಫ್ರೇಮ್‌ವರ್ಕ್) ಎಂಬ ಟೂಲ್ ತಾನು ಬರೆದ ಮೆಥಡ್‌ಗಳ ಮೇಲೆ ಜನರೇಟೆಡ್ ಎಂಬ ಗುರುತು ಹಾಕುತ್ತದೆ, ನೀವು ಆ ಗುರುತಿನ ಪಕ್ಕ ನಾಟ್ ಎಂದು ಸೇರಿಸಿದರೆ ಮುಂದಿನ ಬಾರಿ ಆ ಮೆಥಡನ್ನು ಮುಟ್ಟುವುದಿಲ್ಲ. ಇನ್ನೂ ಸುರಕ್ಷಿತವಾದ ದಾರಿಯೆಂದರೆ ಟೂಲ್ ಬರೆದದ್ದೆಲ್ಲ ಒಂದು ತಾಯಿ ಕ್ಲಾಸಿನಲ್ಲಿರಲಿ, ಕೈಬರಹವೆಲ್ಲ ಅದರ ಮಗಳ ಕ್ಲಾಸಿನಲ್ಲಿ ಬೇರೆ ಫೈಲಾಗಿರಲಿ. ಒಂದರ ತಂಟೆಗೆ ಇನ್ನೊಂದು ಹೋಗುವುದಿಲ್ಲ.

ಬಹುಪಾಲು ತಂಡಗಳಿಗೆ ಇಷ್ಟೂ ಬೇಡ. ನಕ್ಷೆಯನ್ನೇ ಪಠ್ಯವಾಗಿ ಬರೆಯುವ ಪ್ಲಾಂಟ್‌ಯುಎಂಎಲ್ ಅಥವಾ ಮರ್ಮೇಡ್ ಸಾಕು. ಮರ್ಮೇಡ್ ಪಠ್ಯವನ್ನು ಕೋಡ್ ಇಡುವ ತಾಣವಾದ ಗಿಟ್‌ಹಬ್ 2022ರ ಫೆಬ್ರವರಿಯಿಂದ ನೇರವಾಗಿ ಚಿತ್ರವಾಗಿ ತೋರಿಸುತ್ತದೆ. ನಕ್ಷೆಯ ಫೈಲ್ ಕೋಡಿನ ಫೋಲ್ಡರಿನಲ್ಲೇ ಇದ್ದರೆ, ಗೆರೆ ಬದಲಾದದ್ದು ಪುಲ್ ರಿಕ್ವೆಸ್ಟಿನಲ್ಲಿ (ಬದಲಾವಣೆಯನ್ನು ಸೇರಿಸುವ ಮೊದಲು ಇತರರಿಗೆ ತೋರಿಸುವ ಕೋರಿಕೆಯಲ್ಲಿ) ಕೋಡಿನ ಪಕ್ಕದಲ್ಲೇ ಕಾಣುತ್ತದೆ, ನೋಡುವವರು ಅಲ್ಲೇ ಪ್ರಶ್ನೆ ಕೇಳಬಹುದು. ಷರಾಗಳನ್ನು ಕನ್ನಡದಲ್ಲಿ ಬರೆಯಲೂ ಅಡ್ಡಿಯಿಲ್ಲ; ಅಂಗಡಿಯ ಯಜಮಾನರಿಗೆ ತೋರಿಸುವ ಸ್ಟೇಟ್ ಡಯಾಗ್ರಾಮನ್ನು ನಾನು ಪೂರ್ತಿ ಕನ್ನಡದಲ್ಲೇ ಬರೆಯುತ್ತೇನೆ. ಕ್ಲಾಸ್‌ಗಳ ಹೆಸರನ್ನೇ ಕನ್ನಡದಲ್ಲಿಡಲು ಜಾವಾ ಮತ್ತು ಪೈಥಾನ್ 3 ಎರಡೂ ಬಿಡುತ್ತವೆ, ಆದರೆ “ಕ್ಲಾಸ್‌ಗಳು” ಎಂಬಂಥ ಪದದಲ್ಲಿ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಬಳಸುವ ಕಣ್ಣಿಗೆ ಕಾಣದ ಅಕ್ಷರವನ್ನು ಪೈಥಾನ್ ಒಪ್ಪುವುದಿಲ್ಲ. ಅಂಥ ಹೆಸರನ್ನು ಆರಿಸದಿರುವುದೇ ಸುಲಭ.

ಯಾವುದನ್ನು ಕೈಯಲ್ಲಿ ಬರೆದು ಕಾಯಬೇಕು, ಯಾವುದನ್ನು ಬೇಕೆಂದಾಗ ಟೂಲಿನಿಂದ ತೆಗೆಯಬೇಕು ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ. ಕೋಡಿನಿಂದ ತೆಗೆಯಲು ಬರುವ ಪೆಟ್ಟಿಗೆ, ಫೀಲ್ಡ್, ಮೆಥಡ್‌ಗಳ ಪಟ್ಟಿಯನ್ನು ಕೈಯಲ್ಲಿ ಬರೆದು ಇಡುವುದಿಲ್ಲ. ಅದು ಒಂದು ತಿಂಗಳಲ್ಲಿ ಹಳಸುತ್ತದೆ. ಒಡೆತನದ ವಜ್ರಗಳು, ಅಂಕಿಗಳು, ಸ್ಥಿತಿಗಳ ಕೋಷ್ಟಕ ಮತ್ತು ಷರಾಗಳು ಮಾತ್ರ ಕೈಬರಹದ ನಕ್ಷೆಯಲ್ಲಿರುತ್ತವೆ, ಏಕೆಂದರೆ ಕೋಡಿನಿಂದ ಅವು ಮರಳಿ ಬರುವುದಿಲ್ಲ. ಜೊತೆಗೆ ಪ್ರತಿ ಷರಾಕ್ಕೂ ಒಂದು ಟೆಸ್ಟ್ ಬರೆಯುತ್ತೇನೆ. ಮೇಲೆ ಹೇಳಿದ ಕೋಡಿಗೆ ಆ ಘಟನೆಯ ನಂತರ ಬರೆದ ಟೆಸ್ಟ್ ಐದೇ ಸಾಲಿನದು: ಒಂದು ಕಾಫಿಯ ಬಿಲ್ ಮಾಡುತ್ತದೆ, ಹಣ ಪಡೆಯುತ್ತದೆ, ಕಾಫಿಯ ದರವನ್ನು ಬದಲಿಸುತ್ತದೆ, ಬಿಲ್ಲಿನ ಮೊತ್ತವನ್ನು ಮತ್ತೆ ಕೇಳುತ್ತದೆ, ಮೊದಲಿನಷ್ಟೇ ಇದೆಯೇ ಎಂದು ನೋಡುತ್ತದೆ. ಸಾಲಿನಲ್ಲಿರುವ ದರ ಅನಗತ್ಯವೆಂದು ಯಾರಾದರೂ ಅದನ್ನು ಮತ್ತೆ ತೆಗೆದುಹಾಕಿದರೆ ಬಿಲ್ಡ್ (ಕೋಡನ್ನು ಕಟ್ಟಿ ಟೆಸ್ಟ್ ಓಡಿಸುವ ಕೆಲಸ) ಅಲ್ಲಿಗೇ ನಿಲ್ಲುತ್ತದೆ, ಮತ್ತು ಕೆಂಪು ಅಕ್ಷರಗಳಲ್ಲಿ ಕಾಣುವ ಟೆಸ್ಟಿನ ಹೆಸರು ಕಾಗದದ ಮೇಲಿದ್ದ ಆ ಷರಾದ್ದೇ ಮಾತುಗಳಲ್ಲಿದೆ.